ಹಲ್ಲು ಎಣಿಸಿ ಇಂಜಿನ್ ಕೂರಿಸಿ: ಹಳೇ ಟ್ರಕ್‌ನ ಸ್ಟಾರ್ಟರ್, ಫ್ಲೈವೀಲ್, ಬೆಲ್ ಹೌಸಿಂಗ್ ಲೆಕ್ಕ

ಒಂದು ಭಾನುವಾರ ರಾತ್ರಿ ವಾಟ್ಸಾಪ್‌ನಲ್ಲಿ ಹತ್ತು ಸೆಕೆಂಡಿನ ಆಡಿಯೊ ಬಂತು. ಕಳಿಸಿದವನು ಮಿಷಿಗನ್‌ನಲ್ಲಿರುವ ನನ್ನ ಭಾವಮೈದ. ಮೊದಲು 'ಟಕ್' ಅಂತ ಒಂದು ಸದ್ದು. ಆಮೇಲೆ ಖಾಲಿ ಜಾರಿನಲ್ಲಿ ಮಿಕ್ಸಿ ತಿರುಗಿದ ಹಾಗೆ 'ಸುಂಯ್ಯ್'. ಕೆಳಗೆ ಒಂದೇ ಸಾಲು: "ಭಾವ, ಇಂಜಿನ್ ಅಲ್ಲಾಡ್ತಾನೇ ಇಲ್ಲ, ಬರೀ ಸೆಲ್ಫ್ ಸುತ್ತುತ್ತೆ."

ಅವನ ಹತ್ತಿರ ಇರುವುದು 1969ರ ಷೆವರ್ಲೆ ಸಿ10 ಪಿಕಪ್. ಅದರ ಹಳೇ 307 ಇಂಜಿನ್ ಸವೆದುಹೋಗಿತ್ತು. ಗುಜರಿಗೆ ಹೋಗಿದ್ದ ಒಂದು ಷೆವಿ ಕಾರಿನಿಂದ 350 ಇಂಜಿನ್ ತಂದು ಕೂರಿಸಿದ್ದ. 307, 350 ಅನ್ನುವುದು ಕ್ಯೂಬಿಕ್ ಇಂಚಿನಲ್ಲಿ ಇಂಜಿನ್ನಿನ ಗಾತ್ರ. ಎರಡೂ ವಿ8, ಅಂದರೆ ಎಂಟು ಸಿಲಿಂಡರ್‌ನವು, ಎರಡೂ ಒಂದೇ ಕುಟುಂಬದವು. ಟ್ರಕ್‌ನ ಹಳೇ ಬೆಲ್ ಹೌಸಿಂಗ್ ಹೊಸ ಇಂಜಿನ್ನಿಗೆ ಆರೂ ಬೋಲ್ಟುಗಳಲ್ಲಿ ಸರಾಗವಾಗಿ ಕೂತಿತ್ತು. ಹಳೇ ಸ್ಟಾರ್ಟರ್ ಕೂಡ ಬೋಲ್ಟಿಗೆ ಬೋಲ್ಟು ಸರಿಯಾಗಿ ಕೂತಿತ್ತು. ಎಲ್ಲ ಕೂತಿದೆ, ಆದರೂ ಇಂಜಿನ್ ತಿರುಗುವುದಿಲ್ಲ. ಯಾಕೆ?

ಅಮೆರಿಕದಲ್ಲಿ ಹಳೇ ಪಿಕಪ್ ಕೊಂಡು ಮನೆಯ ಗ್ಯಾರೇಜಿನಲ್ಲೇ ರಿಪೇರಿಗೆ ಇಳಿಯುವವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಮೆಕ್ಯಾನಿಕ್‌ಗಳಿಗೆ ಉತ್ತರ ಬಾಯಿಪಾಠ. ಉಳಿದವರು ಬುಡದಿಂದಲೇ ನೋಡಿಕೊಂಡು ಬರೋಣ.

ತಿಗರಿ, ಕೋಲು ಮತ್ತು ಗಂಟೆ

ಕುಂಬಾರರ ತಿಗರಿ ನೋಡಿದ್ದೀರಲ್ವಾ? ಭಾರವಾದ ಚಕ್ರ. ಅಂಚಿನ ಹತ್ತಿರ ಒಂದು ಗುಳಿ. ಕುಂಬಾರ ಆ ಗುಳಿಗೆ ಕೋಲು ಇಟ್ಟು ನಾಲ್ಕು ಸುತ್ತು ಜೋರಾಗಿ ತಿರುಗಿಸುತ್ತಾನೆ. ಚಕ್ರ ವೇಗ ಹಿಡಿದ ಕೂಡಲೇ ಕೋಲು ತೆಗೆದುಬಿಡುತ್ತಾನೆ. ಚಕ್ರ ತನ್ನ ಭಾರದಿಂದಲೇ ತಿರುಗುತ್ತಿರುತ್ತದೆ.

ಇಂಜಿನ್ ಹಿಂಬದಿಯಲ್ಲೂ ಇದೇ ಆಟ. ಫ್ಲೈವೀಲ್ ಅಂದರೆ ತಿಗರಿ. ಪಿಸ್ಟನ್‌ಗಳ ಓಟವನ್ನು ತಿರುಗಾಟ ಮಾಡುವ ದಂಡಕ್ಕೆ ಕ್ರ್ಯಾಂಕ್ ಶಾಫ್ಟ್ ಅನ್ನುತ್ತಾರೆ. ಅದರ ಹಿಂತುದಿಗೆ ಬೋಲ್ಟು ಮಾಡಿದ ಭಾರದ ಚಕ್ರವೇ ಫ್ಲೈವೀಲ್. ಇಂಜಿನ್ ತಿರುಗುವುದು ಬಿಡಿಬಿಡಿ ಸ್ಫೋಟಗಳಿಂದ. ಒಂದು ಸ್ಫೋಟಕ್ಕೂ ಇನ್ನೊಂದಕ್ಕೂ ನಡುವೆ ಕುಲುಕಾಟ ಆಗದಂತೆ ಈ ಭಾರ ಕಾಯುತ್ತದೆ. ಕ್ಲಚ್ ಪ್ಲೇಟ್ ಒತ್ತಿ ಹಿಡಿಯುವುದೂ ಇದರ ಮುಖಕ್ಕೇ. ಆಟೋಮ್ಯಾಟಿಕ್ ಗೇರ್ ಇದ್ದರೆ ಈ ಜಾಗದಲ್ಲಿ ತೆಳ್ಳಗಿನ ಫ್ಲೆಕ್ಸ್ ಪ್ಲೇಟ್ ಇರುತ್ತದೆ. ಹಲ್ಲಿನ ಲೆಕ್ಕ ಅದಕ್ಕೂ ಇದೇ.

ಸ್ಟಾರ್ಟರ್, ಅಂದರೆ ನಮ್ಮ ಕಡೆಯವರು ಹೇಳುವ ಸೆಲ್ಫ್, ಕುಂಬಾರನ ಕೈಯ ಕೋಲು. ಕೀ ತಿರುಗಿಸಿದಾಗ ಮೊದಲು ಸೊಲೆನಾಯ್ಡ್ ಎಚ್ಚರಗೊಳ್ಳುತ್ತದೆ. ಅದಕ್ಕೆ ಎರಡು ಕೆಲಸ. ಒಂದು, ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರವನ್ನು ಮುಂದಕ್ಕೆ ತಳ್ಳಿ ಫ್ಲೈವೀಲ್ ಅಂಚಿನ ಹಲ್ಲುಗಳಿಗೆ ಕಚ್ಚಿಸುವುದು. ಇನ್ನೊಂದು, ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬಿಡುವುದು. ಆಡಿಯೊದಲ್ಲಿ ಕೇಳಿದ 'ಟಕ್' ಅದೇ. ಇಂಜಿನ್ ಹೊತ್ತಿಕೊಂಡು ಕೀ ಬಿಟ್ಟ ಮೇಲೆ ಪಿನಿಯನ್ ಹಿಂದೆ ಸರಿಯುತ್ತದೆ. ಕೋಲು ತೆಗೆದ ಹಾಗೆ.

ಇನ್ನು ಬೆಲ್ ಹೌಸಿಂಗ್. ಫ್ಲೈವೀಲ್ ಮತ್ತು ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಲೋಹದ ಚಿಪ್ಪು ಅದು. ಬರೀ ಮುಚ್ಚಳ ಅಂದುಕೊಳ್ಳಬೇಡಿ. ಗೇರ್‌ಬಾಕ್ಸನ್ನು ಇಂಜಿನ್ನಿಗೆ ನೆಟ್ಟಗೆ ಹಿಡಿದಿಡುವುದು ಅದೇ.

ಈ ಮೂರನ್ನೂ ಅಂಗಡಿಯಲ್ಲಿ ಬೇರೆ ಬೇರೆ ಮಾರುತ್ತಾರೆ. ಕೆಲಸ ಮಾತ್ರ ಒಂದೇ ಸೆಟ್ ಆಗಿ ಮಾಡುತ್ತವೆ. ತಪ್ಪು ಶುರುವಾಗುವುದು ಇಲ್ಲೇ.

153 ಮತ್ತು 168

ಬ್ಲಾಕ್ ಅಂದರೆ ಸಿಲಿಂಡರ್‌ಗಳಿರುವ ಇಂಜಿನ್ನಿನ ಒಡಲು. ಷೆವರ್ಲೆ ತನ್ನ ಸ್ಮಾಲ್ ಬ್ಲಾಕ್ ವಿ8 ಇಂಜಿನ್ನನ್ನು 1955ರ ಮಾಡೆಲ್‌ಗಳಲ್ಲಿ ತಂದಿತು. ಆಗ ಅದು 265 ಕ್ಯೂಬಿಕ್ ಇಂಚು. ಸುಮಾರು 61 ಕ್ಯೂಬಿಕ್ ಇಂಚಿಗೆ ಒಂದು ಲೀಟರ್. ಆ ಲೆಕ್ಕದಲ್ಲಿ 350 ಅಂದರೆ 5.7 ಲೀಟರ್. ಗಾತ್ರ ಬೆಳೆಯುತ್ತಾ ಹೋದರೂ ಬ್ಲಾಕ್‌ನ ಹಿಂಬದಿಯ ಬೋಲ್ಟು ತೂತುಗಳ ವಿನ್ಯಾಸವನ್ನು ಕಂಪನಿ ದಶಕಗಳ ಕಾಲ ಹಾಗೇ ಉಳಿಸಿಕೊಂಡಿತು. ಹಾಗಾಗಿಯೇ "ಯಾವ ಷೆವಿ ಇಂಜಿನ್ ಆದರೂ ಯಾವ ಷೆವಿ ಗೇರ್‌ಬಾಕ್ಸಿಗೂ ಕೂರುತ್ತೆ" ಅನ್ನುವ ಮಾತು ಹುಟ್ಟಿತು. ಮಾತು ಸುಳ್ಳಲ್ಲ, ಅರ್ಧ ನಿಜ. ಚಿಪ್ಪು ಕೂರುತ್ತದೆ. ಚಿಪ್ಪಿನ ಒಳಗಿರುವುದು ಕೂರಬೇಕೆಂದೇನೂ ಇಲ್ಲ.

ಈ ಇಂಜಿನ್‌ಗಳಿಗೆ ಬಂದ ಫ್ಲೈವೀಲ್‌ಗಳು ಮುಖ್ಯವಾಗಿ ಎರಡು ಬಗೆ. ಒಂದರ ಅಂಚಿನಲ್ಲಿ 153 ಹಲ್ಲು, ಇನ್ನೊಂದರಲ್ಲಿ 168. ಹಲ್ಲಿನ ಗಾತ್ರ ಎರಡರಲ್ಲೂ ಒಂದೇ. ವ್ಯಾಸದ ಪ್ರತಿ ಇಂಚಿಗೆ 12 ಹಲ್ಲು ಎಂಬ ಲೆಕ್ಕದಲ್ಲಿ ಕೊರೆದಿರುತ್ತಾರೆ. ಈಗ ಭಾಗಿಸಿ ನೋಡಿ. 153ನ್ನು 12ರಿಂದ ಭಾಗಿಸಿದರೆ 12.75 ಇಂಚು. 168ನ್ನು ಭಾಗಿಸಿದರೆ ಸರಿಯಾಗಿ 14 ಇಂಚು. ಹಲ್ಲುಗಳು ಒಂದಕ್ಕೊಂದು ಕಚ್ಚುವ ವೃತ್ತದ ವ್ಯಾಸ ಇದು.

ವ್ಯಾಸದಲ್ಲಿ ವ್ಯತ್ಯಾಸ ಒಂದೂಕಾಲು ಇಂಚು. ಅಂದರೆ ನಡುವಿನಿಂದ ಅಂಚಿಗೆ ಅದರ ಅರ್ಧ, 0.625 ಇಂಚು. ಸುಮಾರು 16 ಮಿಲಿಮೀಟರ್. ದೊಡ್ಡ ಫ್ಲೈವೀಲ್‌ಗೆ ಮಾಡಿದ ಸ್ಟಾರ್ಟರ್ ತನ್ನ ಪಿನಿಯನ್ನನ್ನು ಅಷ್ಟು ಹೊರಗೆ ಹಿಡಿದಿರುತ್ತದೆ. ಎದುರಿಗೆ ಚಿಕ್ಕ ಫ್ಲೈವೀಲ್ ಇದ್ದರೆ ಪಿನಿಯನ್ ಮುಂದೆ ಬಂದು ಗಾಳಿಯಲ್ಲಿ ಸುತ್ತುತ್ತದೆ, ಅಷ್ಟೇ. ನನ್ನ ಭಾವಮೈದನ 'ಸುಂಯ್ಯ್' ಇದೇ. ಕಾರಿನ ಇಂಜಿನ್ ಜೊತೆಗೆ 153 ಹಲ್ಲಿನ ಫ್ಲೈವೀಲ್ ಬಂದಿತ್ತು. ಟ್ರಕ್‌ನ ಸ್ಟಾರ್ಟರ್ 168 ಹಲ್ಲಿಗೆ ಮಾಡಿದ್ದು.

ಅದಲು ಬದಲಾದರೆ ಇನ್ನೂ ಕಷ್ಟ. ಚಿಕ್ಕ ಫ್ಲೈವೀಲಿನ ಸ್ಟಾರ್ಟರನ್ನು ದೊಡ್ಡದಕ್ಕೆ ಕೂರಿಸಲು ಹೋದರೆ ಪಿನಿಯನ್‌ಗೆ ಮುಂದೆ ಬರಲು ಜಾಗವೇ ಇರುವುದಿಲ್ಲ. ಬಲವಂತ ಮಾಡಿದರೆ ಸ್ಟಾರ್ಟರಿನ ಮೂತಿ ಮುರಿಯಬಹುದು.

ಎರಡು ಅಳತೆ ಯಾಕೆ ಬೇಕಿತ್ತು? ಮುಖ್ಯ ಕಾರಣ ಕ್ಲಚ್. ಫ್ಲೈವೀಲ್ ದೊಡ್ಡದಾದರೆ 11 ಇಂಚಿನ ಕ್ಲಚ್ ಹಿಡಿಯುತ್ತದೆ. ಚಿಕ್ಕದಕ್ಕೆ ಹತ್ತೂವರೆ ಇಂಚಿನ ಆಸುಪಾಸಿನದು. ಹೊರೆ ಹೊರುವ ಟ್ರಕ್ಕಿಗೆ ದೊಡ್ಡದು ಒಳ್ಳೆಯದು. ತಿರುಗಿಸುವುದಕ್ಕೂ ಸ್ವಲ್ಪ ಹಗುರ. ಹಳೇ ಸ್ಟಾರ್ಟರಿನ ಪಿನಿಯನ್‌ಗೆ 9 ಹಲ್ಲು. 153 ಹಲ್ಲಿನ ಚಕ್ರ ಒಂದು ಸುತ್ತು ಬರಲು ಪಿನಿಯನ್ 17 ಸುತ್ತಬೇಕು. 168ಕ್ಕೆ ಸುಮಾರು ಹದಿನೆಂಟೂಮುಕ್ಕಾಲು. ಸೈಕಲ್ಲಿನಲ್ಲಿ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹಾಕಿಕೊಂಡು ದಿಬ್ಬ ಹತ್ತಿದ ಹಾಗೆ.

ಎಣಿಸುವುದು ಸುಲಭ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸುತ್ತಾ ಬನ್ನಿ. ಬೇಜಾರಾದರೆ ಟೇಪು ಹಿಡಿಯಿರಿ. ಹಲ್ಲಿನ ತುದಿಯಿಂದ ಎದುರಿನ ತುದಿಗೆ 13 ಇಂಚಿಗಿಂತ ತುಸು ಕಡಿಮೆ ಬಂದರೆ 153, 14 ದಾಟಿದರೆ 168. ಎಣಿಸುವಾಗಲೇ ಸವೆತವನ್ನೂ ನೋಡಿಕೊಳ್ಳಿ. ಆಫ್ ಮಾಡಿದ ಇಂಜಿನ್ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ವಿ8 ಆದರೆ ಹೆಚ್ಚುಕಮ್ಮಿ ನಾಲ್ಕು ಜಾಗಗಳಲ್ಲಿ, ಆರು ಸಿಲಿಂಡರ್‌ನದಾದರೆ ಮೂರು ಜಾಗಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಹಲ್ಲು ಸವೆಯುವುದೂ ಅಲ್ಲಲ್ಲೇ.

ಬೋಲ್ಟು ನೇರವೋ, ಓರೆಯೋ

ಸ್ಟಾರ್ಟರ್ ಯಾವ ಬಗೆಯದು ಅಂತ ಅದನ್ನು ನೋಡಿಯೇ ಹೇಳಬಹುದು. ಅದನ್ನು ಬ್ಲಾಕಿಗೆ ಬಿಗಿಯುವ ಎರಡು ಬೋಲ್ಟು ತೂತು ಅಕ್ಕಪಕ್ಕ ಒಂದೇ ಗೆರೆಯಲ್ಲಿದ್ದರೆ ಅದು 153 ಹಲ್ಲಿನದು. ಒಂದು ಮುಂದೆ, ಒಂದು ಹಿಂದೆ ಅಂತ ಓರೆಯಾಗಿದ್ದರೆ 168 ಹಲ್ಲಿನದು. ಎಷ್ಟೋ ಬ್ಲಾಕ್‌ಗಳಲ್ಲಿ ಎರಡಕ್ಕೂ ಆಗುವ ಹಾಗೆ ಮೂರು ತೂತು ಕೊರೆದಿರುತ್ತಾರೆ. ಕೆಲವಲ್ಲಿ ಒಂದು ಬಗೆಗೆ ಮಾತ್ರ. ಇಂಜಿನ್ ಕೊಳ್ಳುವ ಮುಂಚೆ ಬಗ್ಗಿ ಕೆಳಗೆ ನೋಡಿದರೆ ಒಂದು ತಲೆನೋವು ಅಲ್ಲೇ ಮುಗಿಯುತ್ತದೆ. ಈಗ ಸಿಗುವ ಚಿಕ್ಕ ಗೇರ್ ರಿಡಕ್ಷನ್ ಸ್ಟಾರ್ಟರ್‌ಗಳಲ್ಲಿ ಹಲವು ಎರಡೂ ಬಗೆಗೆ ಹೊಂದುತ್ತವೆ.

ಭಾವಮೈದನ ಬ್ಲಾಕ್‌ನಲ್ಲಿ ಮೂರೂ ತೂತು ಇದ್ದವು. ಅದೇ ಅವನಿಗೆ ಮೋಸ ಮಾಡಿದ್ದು. ಓರೆ ಬೋಲ್ಟಿನ ಸ್ಟಾರ್ಟರ್ ಸಲೀಸಾಗಿ ಕೂತಾಗ ಎಲ್ಲ ಸರಿ ಇದೆ ಅಂದುಕೊಂಡ.

ಆ ಬೋಲ್ಟುಗಳ ಬಗ್ಗೆಯೂ ಒಂದು ಮಾತು. ಅವು ಸಾದಾ ಬೋಲ್ಟಲ್ಲ. ಅವುಗಳ ಕುತ್ತಿಗೆಯ ಹತ್ತಿರ ತರಿತರಿಯಾಗಿ ಗೀರು ಇರುತ್ತದೆ. ಸ್ಟಾರ್ಟರ್ ಕೂದಲೆಳೆಯಷ್ಟೂ ಸರಿಯದಂತೆ ತೂತಿನಲ್ಲಿ ಬಿಗಿಯಾಗಿ ಹಿಡಿಯುವುದು ಆ ಭಾಗವೇ. ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಹಾಕಿದರೆ ಅವತ್ತು ನಡೆಯುತ್ತದೆ, ಆಮೇಲೆ ಕಿರಿಚಾಟ ಶುರುವಾಗುತ್ತದೆ.

ಗಂಟೆಯೊಳಗೆ ಎಷ್ಟು ಜಾಗ

ಬೆಲ್ ಹೌಸಿಂಗ್‌ನಲ್ಲೂ ಚಿಕ್ಕದು, ದೊಡ್ಡದು ಇವೆ. 153 ಹಲ್ಲಿಗೆ ಮಾಡಿದ ಚಿಕ್ಕದರೊಳಗೆ 14 ಇಂಚಿನ ಫ್ಲೈವೀಲ್ ಹಿಡಿಯುವುದಿಲ್ಲ, ಗೋಡೆಗೆ ತಾಗುತ್ತದೆ. ದೊಡ್ಡದರೊಳಗೆ ಎರಡೂ ಹಿಡಿಯುತ್ತವೆ. ಪಾತ್ರೆ ಮುಚ್ಚಳದ ನಿಯಮವೇ ಇಲ್ಲೂ.

ಹಿಂಬದಿಯ ತೂತನ್ನೂ ಅಳೆಯಬೇಕು. ಗೇರ್‌ಬಾಕ್ಸ್‌ನ ಮೂತಿಯಲ್ಲಿ ಬೇರಿಂಗ್ ಹಿಡಿದಿರುವ ದುಂಡನೆಯ ಕಾಲರ್ ಇರುತ್ತದೆ. ಅದು ಬೆಲ್ ಹೌಸಿಂಗ್‌ನ ನಡು ತೂತಿನಲ್ಲಿ ಸರಿಯಾಗಿ ಕೂರಬೇಕು. ಕಾರುಗಳ ನಾಲ್ಕು ಗೇರಿನ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇದು 4.686 ಇಂಚು. ಟ್ರಕ್‌ನ ಭಾರೀ ಗೇರ್‌ಬಾಕ್ಸ್‌ಗಳಲ್ಲಿ 5.125 ಇಂಚಿನದೂ ಇದೆ. ದೊಡ್ಡ ತೂತಿಗೆ ಚಿಕ್ಕ ಕಾಲರ್ ಹಾಕಿ ಬೋಲ್ಟು ಬಿಗಿದರೆ ಗೇರ್‌ಬಾಕ್ಸ್ ನಡುವಿನಿಂದ ಸರಿದು ಕೂರುತ್ತದೆ.

ಸರಿದರೆ ಏನಾಗುತ್ತದೆ? ಕ್ರ್ಯಾಂಕ್ ಶಾಫ್ಟ್ ಒಂದು ಗೆರೆಯಲ್ಲಿ ತಿರುಗುತ್ತದೆ, ಗೇರ್‌ಬಾಕ್ಸ್‌ನ ಶಾಫ್ಟ್ ಇನ್ನೊಂದು ಗೆರೆಯಲ್ಲಿ. ಬೇರಿಂಗ್ ಬೇಗ ಹಾಳಾಗುತ್ತದೆ, ಗೇರ್ ತಾನಾಗೇ ಬಿಟ್ಟುಕೊಳ್ಳಬಹುದು. ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿದಾಗ ಮುಳ್ಳು 0.005 ಇಂಚಿಗಿಂತ ಜಾಸ್ತಿ ಆಡಬಾರದು ಎಂಬುದು ರೂಢಿಯ ಮಿತಿ. ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ಈ ನೇರವನ್ನು ಕಾಯುವುದು ಬ್ಲಾಕ್‌ನ ಹಿಂದೆ ಇರುವ ಎರಡು ಡೋವೆಲ್ ಪಿನ್. ಹಳೇ ಇಂಜಿನ್‌ಗಳಲ್ಲಿ ಅವು ಎಲ್ಲೋ ಬಿದ್ದುಹೋಗಿರುವುದೂ ಉಂಟು. ಬೋಲ್ಟಿನ ಕೆಲಸ ಹಿಡಿದಿಡುವುದು ಮಾತ್ರ. ಜಾಗ ತೋರಿಸುವುದು ಪಿನ್.

ಹಲ್ಲು ಸರಿ ಇದ್ದರೂ ಫ್ಲೈವೀಲ್ ತಪ್ಪಿರಬಹುದು

ಹೆಚ್ಚು ದುಡ್ಡು ಹಾಳಾಗುವುದು ಈ ವಿಷಯದಲ್ಲೇ ಅಂತ ನನಗನ್ನಿಸುತ್ತದೆ. ಯಾಕೆಂದರೆ ಇದು ಕಣ್ಣಿಗೆ ಬೇಗ ಕಾಣುವುದಿಲ್ಲ.

ಮೊದಲು ವರ್ಷ ನೋಡಿ. 1985ರವರೆಗಿನ ಸ್ಮಾಲ್ ಬ್ಲಾಕ್‌ಗಳಲ್ಲಿ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಎರಡು ತುಂಡಿನದು. 1986ರಿಂದ ಒಂದೇ ತುಂಡಿನ ಸೀಲ್ ಬಂತು. ಅದಕ್ಕಾಗಿ ಕ್ರ್ಯಾಂಕ್‌ನ ತುದಿಯ ಆಕಾರ ಬದಲಾಯಿತು. ಫ್ಲೈವೀಲ್ ಬೋಲ್ಟುಗಳ ವೃತ್ತದ ವ್ಯಾಸ 3.58 ಇಂಚಿನಿಂದ 3 ಇಂಚಿಗೆ ಇಳಿಯಿತು. ಹಳೆಯದು ಹೊಸದಕ್ಕೆ ಕೂರುವುದೇ ಇಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ, ತಪ್ಪು ಮಾಡಲು ಅವಕಾಶವೇ ಇಲ್ಲ.

ಅಪಾಯ ಇರುವುದು ಬ್ಯಾಲೆನ್ಸ್‌ನಲ್ಲಿ. ಪಿಸ್ಟನ್ ಮತ್ತು ಅದರ ರಾಡು ಮೇಲೆ ಕೆಳಗೆ ಓಡುವಾಗ ಕ್ರ್ಯಾಂಕ್ ಅಲುಗಾಡದಿರಲು ಎದುರು ತೂಕ ಬೇಕು. 307, ಹಳೇ 350ಗಳಲ್ಲಿ ಆ ತೂಕ ಪೂರ್ತಿಯಾಗಿ ಕ್ರ್ಯಾಂಕ್‌ನಲ್ಲೇ ಇದೆ. ಅವುಗಳ ಫ್ಲೈವೀಲ್ ಸುತ್ತಲೂ ಸಮತೂಕ. ಆದರೆ 400 ಕ್ಯೂಬಿಕ್ ಇಂಚಿನ ಸ್ಮಾಲ್ ಬ್ಲಾಕ್‌ನಲ್ಲಿ ಒಳಗೆ ಅಷ್ಟು ಜಾಗ ಇರಲಿಲ್ಲ. ಸ್ವಲ್ಪ ತೂಕವನ್ನು ಹೊರಗೆ, ಹಿಂದಿನ ಫ್ಲೈವೀಲಿಗೂ ಕ್ರ್ಯಾಂಕ್‌ನ ಮುಂತುದಿಯಲ್ಲಿರುವ ಡ್ಯಾಂಪರ್ ಎಂಬ ಚಕ್ರಕ್ಕೂ ಹಂಚಿದರು. ಷೆವರ್ಲೆಯ ಇನ್ನೂ ದೊಡ್ಡ ಇಂಜಿನ್ ಕುಟುಂಬದ 454 ಬಿಗ್ ಬ್ಲಾಕ್ ಕೂಡ ಹೀಗೇ. 1986ರ ನಂತರದ ಒಂದೇ ಸೀಲಿನ ಇಂಜಿನ್‌ಗಳಲ್ಲಿ ಹಿಂದಿನ ಫ್ಲೈವೀಲ್‌ನಲ್ಲಿ ಮಾತ್ರ ತೂಕ ಇರುತ್ತದೆ.

ಈಗ 400ರ ಫ್ಲೈವೀಲನ್ನು ಹಳೇ 350ಕ್ಕೆ ಹಾಕಿದಿರಿ ಅಂದುಕೊಳ್ಳಿ. ಬೋಲ್ಟು ಕೂರುತ್ತದೆ, ಹಲ್ಲು ಕಚ್ಚುತ್ತದೆ, ಇಂಜಿನ್ ಸ್ಟಾರ್ಟೂ ಆಗುತ್ತದೆ. ಆದರೆ ಸೀಲಿಂಗ್ ಫ್ಯಾನಿನ ಒಂದೇ ರೆಕ್ಕೆಗೆ ಬೀಗ ಕಟ್ಟಿ ಬಿಟ್ಟ ಹಾಗೆ. ನಿಧಾನವಾಗಿ ತಿರುಗಿದಾಗ ಸಣ್ಣ ನಡುಕ, ವೇಗ ಏರಿದಂತೆ ಇಡೀ ಟ್ರಕ್ಕೇ ಕಂಪಿಸುತ್ತದೆ. ಬೇರಿಂಗ್‌ಗಳ ಆಯಸ್ಸು ಮುಗಿಯುತ್ತದೆ. ನಿಯಮ ಇಷ್ಟು: ಫ್ಲೈವೀಲಿನ ಬ್ಯಾಲೆನ್ಸ್ ಕ್ರ್ಯಾಂಕಿಗೆ ಹೊಂದಬೇಕು, ಹಲ್ಲು ಸ್ಟಾರ್ಟರಿಗೆ ಹೊಂದಬೇಕು, ಗಾತ್ರ ಬೆಲ್ ಹೌಸಿಂಗಿಗೆ ಹೊಂದಬೇಕು. ಮೂರು ಮನೆಗೂ ಒಬ್ಬನೇ ಅಳಿಯ.

1950ರ ದಶಕದ ಟ್ರಕ್ಕುಗಳ ಕಥೆ ಬೇರೆ

1955–57ರ ಸ್ಮಾಲ್ ಬ್ಲಾಕ್‌ಗಳಲ್ಲಿ ಸ್ಟಾರ್ಟರಿಗೆ ಬೇಕಾದ ತೂತುಗಳೇ ಇಲ್ಲ. ಆಗ ಸ್ಟಾರ್ಟರ್ ಕೂರುತ್ತಿದ್ದದ್ದು ಬೆಲ್ ಹೌಸಿಂಗ್ ಮೇಲೆ. ಟ್ರಕ್‌ಗಳಲ್ಲಿ ಈ ಪದ್ಧತಿ ಆಮೇಲೂ ಕೆಲವು ವರ್ಷ ಉಳಿಯಿತು. ಸಾಲದ್ದಕ್ಕೆ ಆ ಕಾಲದ ಪಿಕಪ್‌ಗಳಲ್ಲಿ ಇಂಜಿನ್ನಿನ ಹಿಂಭಾಗವನ್ನು ಹೊತ್ತಿರುವುದೂ ಬೆಲ್ ಹೌಸಿಂಗೇ. ಅದರ ಎರಡೂ ಬದಿಯ ಕಿವಿಗಳು ಚಾಸಿಯ ಮೇಲೆ ಕೂತಿರುತ್ತವೆ. ಅದನ್ನು ಕಿತ್ತರೆ ಇಂಜಿನ್ ಹೊರಲು ಬೇರೆ ಆಸರೆ ಕಟ್ಟಬೇಕು.

ಹಾಗಾಗಿ ಇಂಥ ಟ್ರಕ್ಕಿಗೆ ಮುಂದಿನ ಕಾಲದ 350 ತರುವವರು ಹಳೇ ವಿ8 ಬೆಲ್ ಹೌಸಿಂಗನ್ನೇ ಇಟ್ಟುಕೊಳ್ಳುವುದುಂಟು. ಇಟ್ಟುಕೊಂಡರೆ ಅದರ ಜೊತೆಗಿನ ಹಳೇ ಸ್ಟಾರ್ಟರ್, 168 ಹಲ್ಲಿನ ಫ್ಲೈವೀಲನ್ನೂ ಇಟ್ಟುಕೊಳ್ಳಬೇಕು. ಬ್ಲಾಕಿಗೆ ಕೂರುವ ಸ್ಟಾರ್ಟರಿಗೆ ಆ ಚಿಪ್ಪಿನಲ್ಲಿ ಜಾಗ ಬಿಟ್ಟಿರುವುದಿಲ್ಲ.

ಆಗಿನ 235 ಆರು ಸಿಲಿಂಡರ್ ಇಂಜಿನ್ನಿನ ಬೆಲ್ ಹೌಸಿಂಗ್ ವಿ8ಗೆ ಹೊಂದುವುದೇ ಇಲ್ಲ, ತೂತುಗಳೇ ಬೇರೆ. ಅದರಲ್ಲೂ ಒಂದು ಹಲ್ಲಿನ ಕಥೆ ಇದೆ. 6 ವೋಲ್ಟ್ ಬ್ಯಾಟರಿಯ ಕಾಲದಲ್ಲಿ ಫ್ಲೈವೀಲಿಗೆ 139 ಹಲ್ಲು. 1955ರಲ್ಲಿ 12 ವೋಲ್ಟ್ ಬಂದಾಗ 168 ಆಯಿತು. ಹಳೇ ಫ್ಲೈವೀಲ್ ಇಟ್ಟುಕೊಂಡು 12 ವೋಲ್ಟಿನ ಸ್ಟಾರ್ಟರ್ ತಂದರೆ ಹಲ್ಲಿಗೆ ಹಲ್ಲು ಸೇರುವುದಿಲ್ಲ.

ಹೊಸ ಎಲ್‌ಎಸ್ ಇಂಜಿನ್ ಹಾಕುವುದಾದರೆ

ಈಗ ಹಳೇ ಟ್ರಕ್ಕಿಗೆ ಹೆಚ್ಚಾಗಿ ಬರುತ್ತಿರುವುದು ಷೆವರ್ಲೆಯ ಮುಂದಿನ ಪೀಳಿಗೆಯ ಎಲ್‌ಎಸ್ ಕುಟುಂಬದ ವಿ8ಗಳು. 1997ರ ಕಾರ್ವೆಟ್ ಸ್ಪೋರ್ಟ್ಸ್ ಕಾರಿನಲ್ಲಿ ಮೊದಲು ಬಂದವು, 1999ರ ಹೊತ್ತಿಗೆ ಟ್ರಕ್‌ಗಳಿಗೂ ಬಂದವು. ಹಿಂಬದಿಯ ಬೋಲ್ಟು ತೂತುಗಳಲ್ಲಿ ಹೆಚ್ಚಿನವು ಹಳೇ ಚಿಪ್ಪಿಗೆ ಹೊಂದುತ್ತವೆ. ಹಲ್ಲೂ 168. ಆದರೆ ಕ್ರ್ಯಾಂಕ್‌ನ ತುದಿ ಹಳೆಯದಕ್ಕಿಂತ ಸುಮಾರು 0.4 ಇಂಚು ಒಳಗೆ, ಅಂದರೆ ಇಂಜಿನ್ನಿನ ಕಡೆಗೆ ಇದೆ. ಹಳೇ ಗೇರ್‌ಬಾಕ್ಸ್ ಉಳಿಸಿಕೊಳ್ಳುವವರು ಈ ಅಂತರ ತುಂಬುವ ಹಾಗೆ ಮಾಡಿದ ಫ್ಲೈವೀಲನ್ನೋ, ಸ್ಪೇಸರನ್ನೋ ಕೊಳ್ಳಬೇಕು. ಸ್ಟಾರ್ಟರ್ ಎಲ್‌ಎಸ್‌ನದೇ ಆಗಬೇಕು.

ಕೊನೆಯ ಅರ್ಧ ಮಿಲಿಮೀಟರ್

ಎಲ್ಲ ಹೊಂದಿದ ಮೇಲೂ ಒಂದು ಅಳತೆ ಉಳಿಯುತ್ತದೆ. ಪಿನಿಯನ್ ಹಲ್ಲಿನ ತುದಿ ಫ್ಲೈವೀಲ್ ಹಲ್ಲುಗಳ ನಡುವಿನ ಕಣಿವೆಯ ತಳಕ್ಕೆ ತಾಗಬಾರದು. ಹಾಗಂತ ತುಂಬ ದೂರವೂ ಇರಬಾರದು. ಬೇಕಾದ ಸಂದು 0.020ರಿಂದ 0.035 ಇಂಚು, ಅಂದರೆ ಅರ್ಧ ಮಿಲಿಮೀಟರಿನಿಂದ ಒಂದಕ್ಕೆ ಸ್ವಲ್ಪ ಕಮ್ಮಿ. ಬ್ಯಾಟರಿ ತಂತಿ ಬಿಚ್ಚಿಟ್ಟು, ಪಿನಿಯನ್ನನ್ನು ಕೈಯಿಂದ ಮುಂದಕ್ಕೆಳೆದು, ಸಂದಿಯಲ್ಲಿ ತಂತಿ ಗೇಜ್ ತೂರಿಸಿ ನೋಡುತ್ತಾರೆ.

ಕಿವಿಯೂ ಹೇಳುತ್ತದೆ. ಇಂಜಿನ್ ಹೊತ್ತಿಕೊಳ್ಳುವ ಮುಂಚೆ, ತಿರುಗಿಸುವಾಗಲೇ ಕೀಂಯ್ ಅಂದರೆ ಸಂದು ಜಾಸ್ತಿ. ಹೊತ್ತಿಕೊಂಡು ಕೀ ಬಿಡುವಾಗ ಕೀಂಯ್ ಅಂದರೆ ಸಂದು ಕಡಿಮೆ, ಪಿನಿಯನ್ ಬಿಡಿಸಿಕೊಳ್ಳಲು ಒದ್ದಾಡುತ್ತಿದೆ. ಐಡಲ್‌ನಲ್ಲಿ ಇಂಜಿನ್ ನಿಮಿಷಕ್ಕೆ 700 ಸುತ್ತು ತಿರುಗಿದರೆ ಸಿಕ್ಕಿಕೊಂಡ ಪಿನಿಯನ್ 13,000 ಸುತ್ತು ತಿರುಗಬೇಕಾಗುತ್ತದೆ. ಅದಕ್ಕೇ ಆ ಕಿರಿಚಾಟ.

ಸಂದು ಕಡಿಮೆ ಇದ್ದರೆ ಸ್ಟಾರ್ಟರಿಗೂ ಬ್ಲಾಕಿಗೂ ನಡುವೆ ಷಿಮ್ ಎಂಬ ತೆಳು ತಗಡು ಹಾಕುತ್ತಾರೆ. ಜಾಸ್ತಿ ಇದ್ದರೆ ಹೊರಗಿನ ಬೋಲ್ಟಿನ ಕೆಳಗೆ ಮಾತ್ರ ಷಿಮ್. ಆಗ ಸ್ಟಾರ್ಟರ್ ವಾಲಿ ಪಿನಿಯನ್ ಹತ್ತಿರ ಬರುತ್ತದೆ. ಆದರೆ ಷಿಮ್ ಮೇಲೆ ಷಿಮ್ ಬೇಕಾಗುತ್ತಿದ್ದರೆ ನಿಲ್ಲಿಸಿ, ಮತ್ತೆ ಹಲ್ಲು ಎಣಿಸಿ. 153, 168ರ ನಡುವಿನ ಅಂತರವನ್ನು ತಗಡು ತುಂಬಲಾರದು.

ಮೊದಲು ಏನು, ಆಮೇಲೆ ಏನು

ಆರಿಸುವ ಕ್ರಮ ಗೇರ್‌ಬಾಕ್ಸಿನಿಂದ ಶುರುವಾದರೆ ಸಲೀಸು. ಗೇರ್‌ಬಾಕ್ಸಿಗೆ ಹೊಂದುವ ಬೆಲ್ ಹೌಸಿಂಗ್, ಅದರೊಳಗೆ ಹಿಡಿಯುವ ಹಾಗೂ ಕ್ರ್ಯಾಂಕಿಗೆ ಹೊಂದುವ ಫ್ಲೈವೀಲ್, ಅದಕ್ಕೆ ತಕ್ಕ ಕ್ಲಚ್, ಕೊನೆಗೆ ಸ್ಟಾರ್ಟರ್. ಭಾವಮೈದ ಮಾಡಿದ್ದು ಇದರ ಉಲ್ಟಾ. ಕೈಗೆ ಸಿಕ್ಕ ಇಂಜಿನ್ ಮೊದಲು, ಉಳಿದದ್ದು ಆಮೇಲೆ.

ಊರಲ್ಲಿ ಜೀಪಿಗೆ ಬೇರೆ ಇಂಜಿನ್ ಕೂರಿಸುವ ಯೋಚನೆ ಇದ್ದವರಿಗೂ ಒಂದು ಮಾತು. ಹಲ್ಲಿನ ಲೆಕ್ಕಕ್ಕಿಂತ ಮೊದಲು ಆರ್‌ಟಿಒ ಲೆಕ್ಕ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ನೋಡಿಕೊಳ್ಳುತ್ತದೆ.

ಭಾವಮೈದನ ಮುಂದೆ ಎರಡು ದಾರಿ ಇದ್ದವು. 153 ಹಲ್ಲಿನ ಫ್ಲೈವೀಲನ್ನೇ ಉಳಿಸಿಕೊಂಡು ನೇರ ಬೋಲ್ಟಿನ ಸ್ಟಾರ್ಟರ್ ತರುವುದು. ಗೇರ್‌ಬಾಕ್ಸ್ ಮತ್ತೆ ಇಳಿಸುವ ಕೆಲಸ ತಪ್ಪುತ್ತದೆ. ಇಲ್ಲವೇ ಟ್ರಕ್ಕಿಗೆ ತಕ್ಕ 168 ಹಲ್ಲಿನದನ್ನೂ 11 ಇಂಚಿನ ಕ್ಲಚ್ಚನ್ನೂ ಹಾಕುವುದು. ಅವನು ಮರ ಸಾಗಿಸಲು ಟ್ರಕ್ ಬಳಸುವವನು, ಎರಡನೆಯದೇ ಸರಿ ಅಂದ. "ಆದ್ರೆ ಭಾವ, ಹೊಸ ಫ್ಲೈವೀಲ್‌ಗೆ ಮತ್ತೆ ದುಡ್ಡು."

"ನಿನ್ನ ಹಳೇ 307 ಎಲ್ಲಿ?" ಅಂತ ಕೇಳಿದೆ.

ಗ್ಯಾರೇಜಿನ ಹೊರಗೆ, ಟಾರ್ಪಾಲಿನ್ ಕೆಳಗೆ, ಗುಜರಿಯವನು ಬರಲಿ ಅಂತ ಕಾಯುತ್ತಾ ಕೂತಿತ್ತು. ಈ 350ರ ಹಾಗೆ ಅದೂ 1986ಕ್ಕಿಂತ ಹಿಂದಿನದು, ಬ್ಯಾಲೆನ್ಸ್ ಪೂರ್ತಿ ಕ್ರ್ಯಾಂಕ್‌ನ ಒಳಗಿರುವುದು. ಅದರ ಫ್ಲೈವೀಲ್ ಈ 350ಕ್ಕೆ ಹಾಗೇ ಕೂರುತ್ತದೆ. ಟಾರ್ಚ್ ಹಿಡಿದು ಹೋದ. ಮೇಲಿನ ಹಿಮ ಕೊಡವಿ, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಎಣಿಸಿ ಬಂದು ಹೇಳಿದ.

"167."

"ಇನ್ನೊಂದ್ಸಲ ಎಣಿಸು" ಅಂದೆ.